ಶ್ರೀರಂಗಪಟ್ಟಣ ಗೆದ್ದವನು ಬೇರ್ಡ್, ಅಧಿಕಾರ ವೆಲ್ಲೆಸ್ಲಿಗೆ ಯಾಕೆ?

ಪ್ರಶ್ನೆ: 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಆದರೂ ಊರಿನ ಉಸ್ತುವಾರಿ ಆರ್ಥರ್ ವೆಲ್ಲೆಸ್ಲಿಗೆ ಹೋಯಿತು. ಅಣ್ಣ ಗವರ್ನರ್ ಜನರಲ್ ಆಗಿದ್ದ ಅನ್ನೋದಕ್ಕಾ?

ಉತ್ತರ: ಅಣ್ಣನ ಬಲ ಇದ್ದದ್ದು ನಿಜ. ಆದರೆ ಅದಷ್ಟೇ ಅಲ್ಲ, ಬೇರ್ಡ್‌ನ ಸ್ವಭಾವವೂ ಅವನಿಗೆ ಅಡ್ಡ ಬಂತು.

ಬೇರ್ಡ್ ಸ್ಕಾಟ್ಲೆಂಡಿನವನು, ಹುಟ್ಟಿದ್ದು 1757ರಲ್ಲಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿ ಸೇನೆಯನ್ನು ಬಗ್ಗುಬಡಿದರು. ತಲೆ, ತೋಳು, ತೊಡೆಗೆ ಗಾಯವಾಗಿದ್ದ ಬೇರ್ಡ್ ಸೆರೆ ಸಿಕ್ಕ. ಆಮೇಲೆ ಮೂರೂವರೆ ವರ್ಷ ಶ್ರೀರಂಗಪಟ್ಟಣದ ಸೆರೆವಾಸ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಬಿಗಿದಿದ್ದಾರೆ ಅನ್ನುವ ಸುದ್ದಿ ಕೇಳಿ ಅವನ ತಾಯಿ, ನಮ್ಮ ಡೇವಿಯ ಜೊತೆ ಸಿಕ್ಕಿಕೊಂಡವನನ್ನು ದೇವರೇ ಕಾಪಾಡಬೇಕು ಅಂದಳಂತೆ. ಮಗನ ಮುಂಗೋಪ ಹೆತ್ತವಳಿಗೆ ಗೊತ್ತಿರುತ್ತದೆ, ಅಲ್ವಾ? 1784ರ ಮಂಗಳೂರು ಒಪ್ಪಂದದ ಹೊತ್ತಿಗೆ ಬಿಡುಗಡೆಯಾಯಿತು.

ಹದಿನೈದು ವರ್ಷದ ಮೇಲೆ ಅದೇ ಊರಿನ ಮೇಲೆ ದಾಳಿ. ಮುಂದಾಳ್ತನವನ್ನು ಬೇರ್ಡ್ ತಾನೇ ಕೇಳಿ ಪಡೆದ. ಮೇ 4ರ ಮಧ್ಯಾಹ್ನ ಕತ್ತಿ ಹಿರಿದು, ಎಲ್ಲರಿಗೂ ಕಾಣುವಂತೆ ಮೇಲೆದ್ದು ನಿಂತ. ಸೈನಿಕರು ಕಾವೇರಿಯ ಬಂಡೆಗಳ ನಡುವೆ ನೀರಿಗಿಳಿದರು. ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲೆ ಅವರ ಬಾವುಟ ಹಾರಿತು. ವೆಲ್ಲೆಸ್ಲಿ ಆಗ ಹಿಂದೆ ಮೀಸಲು ಪಡೆಯಲ್ಲಿದ್ದ.

ಆ ರಾತ್ರಿ ಊರು ಸೂರೆಯಾಯಿತು. ದಣಿದಿದ್ದ ಬೇರ್ಡ್, ಸ್ವಲ್ಪ ಹೊತ್ತಿಗೆ ಬೇರೆಯವರನ್ನು ಕಳಿಸಿ ಅಂತ ಕೇಳಿದ. ಇಡೀ ಸೇನೆಯ ದಂಡನಾಯಕ ಜನರಲ್ ಹ್ಯಾರಿಸ್ ವೆಲ್ಲೆಸ್ಲಿಯನ್ನು ಕಳಿಸಿದ, ಅವನನ್ನೇ ಉಳಿಸಿಕೊಂಡ. ಬೇರ್ಡ್ ಮೇಜರ್ ಜನರಲ್, ವೆಲ್ಲೆಸ್ಲಿ ಬರೀ ಕರ್ನಲ್! ಬೇರ್ಡ್ ಜೋರಾಗಿಯೇ ಪ್ರತಿಭಟಿಸಿದ, ಕೇಳುವವರಿರಲಿಲ್ಲ. ಅವನು ಧೈರ್ಯವಂತ, ಆದರೆ ನಾಜೂಕಿಲ್ಲ, ಇಲ್ಲಿನ ಜನರ ಬಗ್ಗೆ ಪೂರ್ವಗ್ರಹ ಜಾಸ್ತಿ ಅಂತ ಮುಂದೆ ವೆಲ್ಲೆಸ್ಲಿ ಹೇಳಿದ. ಇದು ಲಾಭ ಪಡೆದವನ ಮಾತು ನಿಜ. ಆದರೂ ನನಗೆ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ. ಲೂಟಿಕೋರರಲ್ಲಿ ಕೆಲವರನ್ನು ಗಲ್ಲಿಗೇರಿಸಿ ಊರಿಗೆ ಶಿಸ್ತು ತಂದವನು ವೆಲ್ಲೆಸ್ಲಿಯೇ. ಮನೆಮಠ ಕಳೆದುಕೊಂಡ ಜನರ ಕಡೆಯಿಂದ ನೋಡಿದರೆ ಇದೇ ಮುಖ್ಯ. ಆದರೆ ದಾಳಿಗೂ ಮೊದಲೇ ಹಿರಿಯನಾದ ಬೇರ್ಡ್‌ನನ್ನು ಕಡೆಗಣಿಸಿ, ಬ್ರಿಟಿಷರ ಜೊತೆಗಿದ್ದ ಹೈದರಾಬಾದ್ ನಿಜಾಮನ ಪಡೆಯನ್ನೂ ವೆಲ್ಲೆಸ್ಲಿಗೇ ಕೊಟ್ಟಿದ್ದರು. ಅದು ಅನ್ಯಾಯವೇ.

1801ರಲ್ಲಿ ಈಜಿಪ್ಟ್ ದಂಡಯಾತ್ರೆಗೆ ವೆಲ್ಲೆಸ್ಲಿಯನ್ನು ಸರಿಸಿ ಬೇರ್ಡ್‌ನನ್ನು ನೇಮಿಸಿದರು. ಈ ಸಲ ಸಿಟ್ಟಾಗಿದ್ದು ವೆಲ್ಲೆಸ್ಲಿ. ಬೇರ್ಡ್ ಮುಂದೆ 1806ರಲ್ಲಿ ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಪ್ರಾಂತ್ಯವನ್ನು ಗೆದ್ದ, 1809ರಲ್ಲಿ ಸ್ಪೇನಿನ ಕೊರುನ್ನಾದಲ್ಲಿ ಎಡಗೈ ಕಳೆದುಕೊಂಡ. ಅದೇ ವರ್ಷ ಬ್ಯಾರೊನೆಟ್ ಅನ್ನುವ ವಂಶಪಾರಂಪರ್ಯ ಪದವಿ ಸಿಕ್ಕಿತು.