ಎರಡನೇ ಸ್ಟೀರಿಂಗ್ ಸ್ಟೆಪ್ನಿ ಅಲ್ಲ

ಗಂಗಾವತಿಯಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಅಕ್ಕನ ಮಗ ಮೊಬೈಲಿನಲ್ಲಿ ಪುಟ್ಟ ಸೆಸ್ನಾ ವಿಮಾನದ ಒಳಗಿನ ಫೋಟೊ ತೋರಿಸಿದ. ಕಂಪ್ಲಿ ಸೇತುವೆ ಇನ್ನೂ ದಾಟಿರಲಿಲ್ಲ. "ಮಾಮಾ, ಇದಕ್ಕೆ ಎರಡು ಸ್ಟೀರಿಂಗ್ ಯಾಕೆ? ಒಂದು ಕೆಟ್ರೆ ಇನ್ನೊಂದು ಇರಲಿ ಅಂತಾನಾ?" ಅಂದ. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ, ಸ್ಟೆಪ್ನಿ ಟೈರ್ ಇದ್ದ ಹಾಗೆ ಅಂತ. ಅಲ್ಲ.

ಎರಡೂ ಸ್ಟೀರಿಂಗ್ ಮೀಟರುಗಳ ಹಲಗೆಯ ಹಿಂದೆ ಒಂದಕ್ಕೊಂದು ಜೋಡಿಸಿಕೊಂಡೇ ಇರುತ್ತವೆ. ಎಡಗಡೆಯದನ್ನು ತಿರುಗಿಸಿದರೆ ಬಲಗಡೆಯದೂ ತಿರುಗುತ್ತದೆ. ಕಾಲಿನ ಪೆಡಲ್ಲೂ ಹಾಗೇ. ಅಲ್ಲಿಂದ ರೆಕ್ಕೆಗೆ, ಬಾಲಕ್ಕೆ ಹೋಗುವ ಕೇಬಲ್ ಮಾತ್ರ ಒಂದೇ ಜೊತೆ. ಅದು ತುಂಡಾದರೆ ಇಬ್ಬರ ಕೈಯೂ ಖಾಲಿ. ಪೈಲಟ್‌ಗಳು ಈ ಸ್ಟೀರಿಂಗನ್ನು ಯೋಕ್ ಅಂತಾರೆ, ಅಂದರೆ ನಮ್ಮ ನೊಗ. ಎರಡು ಎತ್ತಿಗೆ ಒಂದು ನೊಗ ನೋಡಿದವರು ನಾವು, ಇಲ್ಲಿ ತಲೆಗೊಂದು.

ಹಾಗಾದರೆ ಯಾಕೆ? ಕಲಿಸೋದಕ್ಕೆ, ಅಷ್ಟೇ. ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಎಲ್ ಬೋರ್ಡ್ ಕಾರು ನೋಡಿರುತ್ತೀರಿ. ಕಲಿಸುವವನ ಕಾಲ ಬಳಿ ಬ್ರೇಕ್, ಕ್ಲಚ್ ಇದ್ದರೆ ಸಾಕು, ಹುಡುಗ ಗಾಬರಿಯಾದ ಅಂದರೆ ತುಳಿದರಾಯಿತು, ಕಾರು ನಿಲ್ಲುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಆಕಾಶದಲ್ಲಿ ನಿಲ್ಲಿಸೋದು ಅನ್ನೋದೇ ಇಲ್ವಲ್ಲ. ಅದಕ್ಕೆ ಕಲಿಸುವವನಿಗೆ ಪೂರ್ತಿ ಸೆಟ್ಟೇ ಬೇಕು.

ಇಷ್ಟು ಸರಳ ವಿಷಯ ಹೊಳೆಯೋಕೆ ಜನರಿಗೆ ವರ್ಷಗಳೇ ಹಿಡಿದವು. ರೈಟ್ ಸಹೋದರರು 1903ರಲ್ಲಿ ಹಾರಿದಾಗ ಪೈಲಟ್ ಬೋರಲು ಮಲಗಿದ್ದ, ಒಬ್ಬನಿಗೇ ಜಾಗ. 1908ರ ಹೊತ್ತಿಗೆ ಪಕ್ಕಪಕ್ಕ ಎರಡು ಸೀಟು ಬಂದವು. ಮೇಲೆ ಕೆಳಗೆ ಮಾಡುವ ಲಿವರ್ ಇಬ್ಬರಿಗೂ ಬೇರೆ ಬೇರೆ, ಹೊರಮಗ್ಗುಲಲ್ಲಿ. ರೆಕ್ಕೆ ವಾಲಿಸುವ ಲಿವರ್ ಮಾತ್ರ ಮಧ್ಯದಲ್ಲಿ ಒಂದೇ. ಎಡಗಡೆ ಕೂತವನು ಅದನ್ನು ಬಲಗೈಯಲ್ಲಿ ಹಿಡಿಯಬೇಕು, ಬಲಗಡೆ ಕೂತವನು ಎಡಗೈಯಲ್ಲಿ. ಪರಿಣಾಮ ಏನಾಯಿತು ಅಂದರೆ, ಯಾವ ಸೀಟಿನಲ್ಲಿ ಕಲಿತನೋ ಆ ಸೀಟಿಗೇ ಅವನು ಪೈಲಟ್, ಪಕ್ಕಕ್ಕೆ ಸರಿದು ಕೂತರೆ ಕೈಗಳಿಗೆ ಎಲ್ಲ ಉಲ್ಟಾ! 1909ರಲ್ಲಿ ವಿಲ್ಬರ್ ರೈಟ್ ಫ್ರಾನ್ಸಿನ ಪೋ ಊರಿನಲ್ಲಿ ಶಿಷ್ಯರಿಗೆ ಕಲಿಸಿದ್ದು ಇಂಥದ್ದೇ ವಿಮಾನದಲ್ಲಿ.

ಅದೇ ಫ್ರಾನ್ಸಿನಲ್ಲಿ ವಿಮಾನ ತಯಾರಿಸುತ್ತಿದ್ದ ಬ್ಲೆರಿಯೊ ಕಡೆಯವರ ದಾರಿ ಬೇರೆ. ರೆಕ್ಕೆ ಮೊಟಕು ಮಾಡಿದ, ಹಾರಲಾಗದ ವಿಮಾನ. ಅದಕ್ಕೆ ಪೆಂಗ್ವಿನ್ ಅಂತ ಹೆಸರು. ಹುಡುಗ ಒಬ್ಬನೇ ಕೂತು ಅದನ್ನು ಬಯಲಿನಲ್ಲಿ ಓಡಿಸಿ ಓಡಿಸಿ ಪಳಗಬೇಕು, ಆಮೇಲೆ ಒಬ್ಬನೇ ಹಾರಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಬಾಕ್ಸ್‌ಕೈಟ್ ವಿಮಾನದಲ್ಲಂತೂ ಶಿಷ್ಯ ಹಿಂದೆ ಕೂತು ಗುರುವಿನ ಪಕ್ಕದಿಂದ ಕೈ ಚಾಚಿ, ಸ್ಟೀರಿಂಗ್ ಬದಲಿಗೆ ಇರುತ್ತಿದ್ದ ಕಡ್ಡಿ ಹಿಡಿಯುತ್ತಿದ್ದ. ಕಾಲಿಗೆ ಪೆಡಲ್ ಎಟುಕುತ್ತಿರಲಿಲ್ಲ.

ಇದನ್ನು ಬದಲಾಯಿಸಿದವನು ಬ್ರಿಟಿಷ್ ಸೇನೆಯ ಪೈಲಟ್ ರಾಬರ್ಟ್ ಸ್ಮಿತ್-ಬ್ಯಾರಿ. 1917, ಇಂಗ್ಲೆಂಡಿನ ಗೋಸ್ಪೋರ್ಟ್, ಏವ್ರೊ 504 ವಿಮಾನ. ಇಬ್ಬರಿಗೂ ಪೂರ್ತಿ ಕಂಟ್ರೋಲ್ ಕೊಟ್ಟ. ಶಿಷ್ಯನನ್ನೇ ಪೈಲಟ್ ಸೀಟಿನಲ್ಲಿ ಕೂರಿಸಿದ. ಎಂಜಿನ್ ಗದ್ದಲದಲ್ಲಿ ಮಾತು ಕೇಳಲಿ ಅಂತ ಮಧ್ಯೆ ರಬ್ಬರ್ ಕೊಳವೆ. ನನಗೆ ಹಿಡಿಸಿದ್ದು ಅವನ ಯೋಚನೆ. ಎರಡನೇ ಕಂಟ್ರೋಲ್ ಇರೋದು ಅಪಾಯದಿಂದ ದೂರ ಇರೋಕಲ್ಲ, ಬೇಕಂತಲೇ ವಿಮಾನವನ್ನು ಗಿರಗಿರ ಸುತ್ತಿ ಬೀಳುವ ಸ್ಥಿತಿಗೆ ತಂದು, ಅದರಿಂದ ಹೊರಬರೋದನ್ನು ಹುಡುಗನ ಕೈಯಲ್ಲೇ ಮಾಡಿಸೋಕೆ ಅಂತ. ಕಲಿಸುವವನಿಗೆ ಗುಂಡಿಗೆ ಎಷ್ಟಿರಬೇಕು ನೋಡಿ.

ಆಮೇಲೆ ಇದೇ ರೂಢಿಯಾಯಿತು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1951ರಲ್ಲಿ ಹಾರಿದ ಎಚ್‌ಟಿ-2, 1958ರಲ್ಲಿ ಹಾರಿದ ಪುಷ್ಪಕ್, ಎರಡಕ್ಕೂ ಜೋಡಿ ಕಂಟ್ರೋಲ್. ಒಂದರಲ್ಲಿ ಸೀಟು ಹಿಂದೆ ಮುಂದೆ, ಇನ್ನೊಂದರಲ್ಲಿ ಪಕ್ಕಪಕ್ಕ.

"ಸ್ಕೂಲಿನ ವಿಮಾನಕ್ಕೆ ಸರಿ ಮಾಮಾ, ದುಡ್ಡು ಕೊಟ್ಟು ಸ್ವಂತಕ್ಕೆ ತಗೊಂಡೋನಿಗೆ ಯಾಕೆ?" ಹುಡುಗ ಬಿಡಲಿಲ್ಲ. ಸರಿಯಾದ ಪ್ರಶ್ನೆಯೇ. ವಿಷಯ ಏನೆಂದರೆ ಸ್ಕೂಲಿನದೂ ಸ್ವಂತದ್ದೂ ಒಂದೇ ವಿಮಾನ. ಸೆಸ್ನಾ 172 ಮಾರಾಟಕ್ಕೆ ಬಂದದ್ದು 1956ರಲ್ಲಿ, ಅದರಲ್ಲೇ ಕಲಿತವರು ಅದನ್ನೇ ಕೊಂಡರು. ಕಂಪನಿ ಎರಡು ಮಾದರಿ ಯಾಕೆ ಮಾಡುತ್ತದೆ? ಮಾಲೀಕನಿಗೂ ಕಲಿಕೆ ಮುಗಿಯೋದಿಲ್ಲ. ಅಮೆರಿಕದಲ್ಲಿ ಹಾರಾಟ ಮುಂದುವರಿಸಬೇಕೆಂದರೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಶಿಕ್ಷಕರ ಜೊತೆ ಹಾರಿ ತೋರಿಸಬೇಕು. ಜೋಡಿ ಕಂಟ್ರೋಲ್ ಇಲ್ಲದ ವಿಮಾನದಲ್ಲಿ ಪಾಠ ಹೇಳೋದಕ್ಕೆ ಅಲ್ಲಿನ ಕಾನೂನು ಸಾಮಾನ್ಯವಾಗಿ ಬಿಡೋದಿಲ್ಲ. 1947ರ ಬೀಚ್‌ಕ್ರಾಫ್ಟ್ ಬೊನಾಂಜಾ ಮಧ್ಯದ ದಾರಿ ಹಿಡಿಯಿತು. ಸ್ಟೀರಿಂಗ್ ಒಂದೇ, ಬೇಕಾದಾಗ ಎಡದಿಂದ ಬಲಕ್ಕೆ ಮಗುಚಿ ಹಾಕಬಹುದು. ಚಂದ ಉಪಾಯ, ಆದರೆ ಪಾಠದ ಕಾನೂನಿನಲ್ಲಿ ಅದಕ್ಕೆಂದೇ ಬೇರೆ ಷರತ್ತು ಬರೆಯಬೇಕಾಯಿತು.

ಇದರಿಂದ ಒಂದು ತೊಂದರೆಯೂ ಇದೆ. ಪಕ್ಕದಲ್ಲಿ ಕೂತವನು ಸುಮ್ನೆ ಕೂತಿದ್ದರೂ ಅವನ ಎದುರು ಸ್ಟೀರಿಂಗ್ ಮುಂದೆ ಹಿಂದೆ ಓಡಾಡುತ್ತಲೇ ಇರುತ್ತದೆ. ಮೊಣಕಾಲು ಅಡ್ಡ ಬಂದರೆ, ಇಲ್ಲವೇ ಗಾಬರಿಯಲ್ಲಿ ಹಿಡಿದುಕೊಂಡರೆ, ಪೈಲಟ್‌ನ ಕೈಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕೆಲವು ವಿಮಾನಗಳಲ್ಲಿ ಜೊತೆಯವರ ಕಡೆಯ ಕಡ್ಡಿ ಬಿಚ್ಚಿಡಲು ಬರುತ್ತದೆ.

"ನಾನು ಆ ಸೀಟಲ್ಲಿ ಕೂತರೆ?" ಅಂದ.

ತೊಡೆ ಮೇಲೆ ಬ್ಯಾಗ್ ಇಟ್ಕೋಬೇಡ ಅಂದೆ.