ಪದ ಪರಿಚಯ: ಸಾಕ್ಷಿ

ಬೆಂಗಳೂರಿನಲ್ಲಿ ‘ಸಾಕ್ಷಿ’ ಅಂದ ಕೂಡಲೇ ಸೈಟು ರಿಜಿಸ್ಟ್ರೇಷನ್ ನೆನಪಾಗುತ್ತದೆ. ಪತ್ರಕ್ಕೆ ಇಬ್ಬರ ಸಹಿ ಬೇಕು. ಒಬ್ಬರು ಕಡಿಮೆ ಬಿದ್ದರೆ ಬಾಗಿಲ ಹತ್ತಿರ ನಿಂತವರನ್ನೇ ‘ಸಾರ್, ಒಂದು ಸಾಕ್ಷಿ ಹಾಕ್ತೀರಾ?’ ಅಂತ ಕೇಳುವುದೂ ಉಂಟು. ನನ್ನನ್ನೂ ಒಮ್ಮೆ ಕೇಳಿದ್ದರು. ಸೈಟು ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ.

ಕ್ರೈಸ್ತರ ಮನೆಮಾತಿನಲ್ಲಿ ಇದೇ ಪದ ಬೇರೆ ಥರ ಓಡಾಡುತ್ತದೆ. ‘ಇವತ್ತು ಕೂಟದಲ್ಲಿ ಸಾಕ್ಷಿ ಹೇಳಿದೆ.’ (ಕೂಟ ಅಂದರೆ ಪ್ರಾರ್ಥನೆಗೆ ಸೇರುವ ಸಭೆ.) ‘ಆ ಅಜ್ಜಿಯ ಬದುಕೇ ಸಾಕ್ಷಿ.’ ‘ಬೀದಿಯಲ್ಲಿ ನಿಂತು ಕೂಗಾಡಬೇಡ, ಸಾಕ್ಷಿ ಹಾಳಾಗುತ್ತೆ.’ ಮೂರನೆಯದು ನಮ್ಮಮ್ಮನದು. ಆಟೋದವರ ಜೊತೆ ಇಪ್ಪತ್ತು ರೂಪಾಯಿಗೆ ನಾನು ದನಿ ಏರಿಸಿದ್ದೆ. ಹೇಳುವ ಮಾತೂ ಸಾಕ್ಷಿ, ಬದುಕುವ ರೀತಿಯೂ ಸಾಕ್ಷಿ. ನಂಬಿಕೆಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದಕ್ಕೆ ಕನ್ನಡ ಕ್ರೈಸ್ತರು ಜಾಸ್ತಿ ಬಳಸುವ ಪದ ಇದೇ.

ಸಂಸ್ಕೃತದಲ್ಲಿ ‘ಅಕ್ಷಿ’ ಅಂದರೆ ಕಣ್ಣು. ಕಣ್ಣಾರೆ ಕಂಡವನು ಸಾಕ್ಷಿ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್. ಅಲ್ಲಿರುವ ‘ಮಾರ್ತುಸ್’ ಕೂಡ ಕೋರ್ಟು ಕಟಕಟೆಯ ಪದವೇ. ಕಂಡದ್ದನ್ನು ಕಂಡೆ ಅಂದಿದ್ದಕ್ಕೇ ಜೀವ ಕಳೆದುಕೊಂಡವರು ಹೆಚ್ಚಾದ ಹಾಗೆ ಆ ಪದಕ್ಕೆ ಹುತಾತ್ಮ ಅನ್ನುವ ಅರ್ಥವೂ ಸೇರಿತು. ಇಂಗ್ಲಿಷಿನ ‘ಮಾರ್ಟರ್’ ಹುಟ್ಟಿದ್ದು ಅಲ್ಲಿಂದ.

ಸಾಕ್ಷಿಯ ಅಂದಾಜು ಸಿಗಬೇಕಾದರೆ ಅದೇ ಹೊಸ ಒಡಂಬಡಿಕೆಯಲ್ಲಿ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ಓದಬೇಕು. ಯೇಸು ಒಬ್ಬ ಹುಟ್ಟುಕುರುಡನಿಗೆ ಕಣ್ಣು ಕೊಡುತ್ತಾನೆ. ಫರಿಸಾಯರು, ಅಂದರೆ ಆ ಕಾಲದ ಕಟ್ಟುನಿಟ್ಟಿನ ಯೆಹೂದಿ ಪಂಗಡದವರು, ಆ ಮನುಷ್ಯನನ್ನು ಹಿಡಿದು ತರಾಟೆಗೆ ತೆಗೆದುಕೊಳ್ಳುತ್ತಾರೆ. ಯೇಸು ಪಾಪಿ ಅಲ್ವಾ, ಹೇಳು ಅನ್ನುತ್ತಾರೆ. ಅದೆಲ್ಲ ನನಗೆ ಗೊತ್ತಿಲ್ಲ, ನಾನು ಕುರುಡನಾಗಿದ್ದೆ, ಈಗ ಕಣ್ಣು ಕಾಣುತ್ತೆ, ಅಷ್ಟು ಗೊತ್ತು ಅನ್ನುತ್ತಾನೆ ಅವನು. ಅವನು ವಕೀಲನಲ್ಲ, ಜಡ್ಜೂ ಅಲ್ಲ. ವಾದ ಗೆಲ್ಲುವುದು ಅವನ ಕೆಲಸವಲ್ಲ. ತನಗೆ ಆದದ್ದನ್ನು ಹೇಳಿದ, ಮುಗಿಯಿತು.

ಇದರ ಪಕ್ಕದ ಪದ ‘ಸುವಾರ್ತೆ’. ಒಳ್ಳೆಯ ಸುದ್ದಿ. ಪ್ರೊಟೆಸ್ಟೆಂಟರು ಸುವಾರ್ತೆ ಅಂದರೆ ಕ್ಯಾಥೊಲಿಕರು ‘ಶುಭಸಂದೇಶ’ ಅನ್ನುತ್ತಾರೆ. ಸುವಾರ್ತೆಯನ್ನು ‘ಸಾರುತ್ತಾರೆ’, ಡಂಗುರ ಸಾರಿದ ಹಾಗೆ. (ಚಿಕ್ಕವನಿದ್ದಾಗ ಅನ್ನದ ಸಾರಿಗೂ ಇದಕ್ಕೂ ಏನೋ ನಂಟಿದೆ ಅಂತ ನಂಬಿದ್ದೆ. ಕೂಟ ಮುಗಿದ ಮೇಲೆ ಊಟ ಇರುತ್ತಿತ್ತಲ್ಲ.) ಸಾರುವುದಕ್ಕೆ ಗಂಟಲು ಗಟ್ಟಿಯಿದ್ದರೆ ನಡೆಯುತ್ತದೆ. ಸಾಕ್ಷಿಗೆ ನೋಡಿರಬೇಕು.

ಹಾಗಾದರೆ ಮಾತು ಬೇಡವೇ, ಕೆಲಸ ಸಾಕೇ? ‘ಯಾವಾಗಲೂ ಸುವಾರ್ತೆ ಸಾರಿ, ಅಗತ್ಯ ಬಿದ್ದರೆ ಮಾತ್ರ ಮಾತು ಬಳಸಿ’ ಅನ್ನುವ ಸಾಲು ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರು ಹೊತ್ತು ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಅವರ ಬರಹಗಳಲ್ಲಿ ಆ ಸಾಲು ಇಲ್ಲ. ಅವರು ಊರೂರು ತಿರುಗಿ ಬೋಧಿಸಿದವರು, ಬಾಯಿ ಮುಚ್ಚಿಕೊಂಡು ಕೂತವರಲ್ಲ. ಇನ್ನೊಂದು ಕಡೆ ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆ (ಇಲ್ಲಿ ಪತ್ರಿಕೆ ಅಂದರೆ ಪತ್ರ) ಬರೀ ಮಾತಿನವರನ್ನು ಬಿಡುವುದಿಲ್ಲ. ಬಟ್ಟೆ ಇಲ್ಲದೆ, ಹಸಿದು ಬಂದವನಿಗೆ ‘ಹೋಗಪ್ಪ, ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು’ ಅಂತ ಹೇಳಿ ಬರಿಗೈಯಲ್ಲಿ ಕಳಿಸಿದರೆ ಏನು ಬಂತು ಅಂತ 2ನೇ ಅಧ್ಯಾಯದಲ್ಲಿ ಕೇಳುತ್ತದೆ.

ಬೆಂಗಳೂರಿನಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಕಾಣುತ್ತವೆ. ಕಾರ್ಪೊರೇಷನ್ ಹತ್ತಿರ ಹಡ್ಸನ್ ಸ್ಮಾರಕ ಚರ್ಚ್ ಇದೆ. 1904ರ ಕಲ್ಲಿನ ಕಟ್ಟಡ, ಕನ್ನಡ ಆರಾಧನೆ. ಹೆಸರು ಬಂದದ್ದು ವೆಸ್ಲಿಯನ್ ಅನ್ನುವ ಪ್ರೊಟೆಸ್ಟೆಂಟ್ ಪಂಗಡದ ಮಿಷನರಿ ಜೋಸಾಯ ಹಡ್ಸನ್ ಅವರಿಂದ. ಕನ್ನಡ ಶಾಲೆಗಳಿಗಾಗಿ ದುಡಿದವರು ಅವರು. ಅಲ್ಲಿಂದ ನೃಪತುಂಗ ರಸ್ತೆ ಹಿಡಿದರೆ ಸೇಂಟ್ ಮಾರ್ಥಾಸ್ ಆಸ್ಪತ್ರೆ. ಗುಡ್ ಶೆಫರ್ಡ್ ಸನ್ಯಾಸಿನಿಯರು 1886ರಲ್ಲಿ ಶುರು ಮಾಡಿದ್ದು. ಅಲ್ಲಿ ಹುಟ್ಟಿದ ಎಷ್ಟೋ ಬೆಂಗಳೂರಿಗರು ಚರ್ಚಿನ ಒಳಗೆ ಕಾಲಿಟ್ಟಿಲ್ಲ. ಇಡಲೇಬೇಕು ಅಂತಲೂ ಇಲ್ಲ.

ಈ ಜಾಗದಲ್ಲೇ ಪದ ಜಾರುವುದು. ಔಷಧಿ, ಅಕ್ಕಿ, ಫೀಸು ಕೊಟ್ಟು ‘ಇನ್ನು ನಮ್ಮ ಕಡೆ ಬನ್ನಿ’ ಅಂದರೆ ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು, ಸಾಕ್ಷಿ ಅಲ್ಲ. ಕಾನೂನೂ ಇಲ್ಲೊಂದು ಗೆರೆ ಎಳೆದಿದೆ. ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ನಿಮ್ಮ ಧರ್ಮದ ತತ್ವವನ್ನು ತಿಳಿಸಿ ಹರಡುವುದು ಹಕ್ಕು, ಇನ್ನೊಬ್ಬರನ್ನು ಮತಾಂತರ ಮಾಡುವುದು ಮೂಲಭೂತ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಪೇತ್ರನ ಮೊದಲ ಪತ್ರಿಕೆಯಲ್ಲೂ (3:15) ಒಂದು ಮಿತಿ ಇದೆ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಮೆತ್ತಗೆ, ಮರ್ಯಾದೆಯಿಂದ ಅನ್ನುತ್ತದೆ. ‘ಕೇಳುವವರಿಗೆ’ ಅನ್ನುವ ಪದವನ್ನು ಮೈಕ್ ಹಿಡಿದ ನಮ್ಮವರು ಕೆಲವರು ಓದದೆ ದಾಟಿಬಿಡುತ್ತಾರೆ ಅಂತ ನನ್ನ ತಕರಾರು.

ಕೂಟಗಳ ಸಾಕ್ಷಿಯಲ್ಲೂ ಒಂದು ಅಚ್ಚು ಬಂದುಬಿಟ್ಟಿದೆ. ಮೊದಲು ‘ದೇವರಿಗೆ ಸ್ತೋತ್ರ’, ಆಮೇಲೆ ಕುಡಿತ, ಸಾಲ, ಕಾಯಿಲೆ, ಕೊನೆಗೆ ಬಿಡುಗಡೆ. ವರ್ಷದಿಂದ ವರ್ಷಕ್ಕೆ ಸಾಲದ ಮೊತ್ತ ಏರುತ್ತದೆ. ಅದನ್ನು ಕೇಳುವಾಗೆಲ್ಲ ನನಗೆ ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಬೇಡ ಅಂದದ್ದು ನೆನಪಾಗುತ್ತದೆ.

ಲಿಂಗರಾಜಪುರದ ನಮ್ಮ ಚಿಕ್ಕಮ್ಮ ಕೂಟದಲ್ಲಿ ಎದ್ದು ನಿಂತವರೇ ಅಲ್ಲ. ಕ್ರಿಸ್‌ಮಸ್ಸಿಗೆ ಪಕ್ಕದ ಮನೆಗೆ ಕಲ್‌ಕಲ್, ರೋಸ್ ಕುಕ್ಕಿ ತಟ್ಟೆ ಕೊಡುತ್ತಾರೆ. ದೀಪಾವಳಿಗೆ ಆ ಮನೆಯಿಂದ ಕಜ್ಜಾಯ ಬರುತ್ತದೆ. ಒಂದು ಸಲ ಆ ಮನೆಯ ಯಜಮಾನರಿಗೆ ರಾತ್ರಿ ಎದೆನೋವು ಬಂತು. ಮಗ ಊರಲ್ಲಿರಲಿಲ್ಲ. ಚಿಕ್ಕಮ್ಮ ಆಟೋ ಹಿಡಿದು ಯಜಮಾನರ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದರು, ಬೆಳಗಿನವರೆಗೆ ಐಸಿಯು ಹೊರಗಿನ ಬೆಂಚಿನಲ್ಲಿ ಕೂತರು. ಬೆಳಿಗ್ಗೆ ಕ್ಯಾಂಟೀನಿನಿಂದ ಇಡ್ಲಿ ತಂದುಕೊಟ್ಟರು. ದೇವರ ಹೆಸರು ಎತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಆಕೆ ತಟ್ಟೆ ವಾಪಸ್ ಕೊಡಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರಂತೆ: ‘ಆವತ್ತು ರಾತ್ರಿ ಬೆಂಚ್ ಮೇಲೆ ಕೂತು ಏನೋ ಹೇಳ್ಕೋತಾ ಇದ್ರಲ್ಲ, ಏನದು?’

ಚಿಕ್ಕಮ್ಮ ಸತ್ಯವೇದ, ಅಂದರೆ ಬೈಬಲ್, ತಂದು 23ನೇ ಕೀರ್ತನೆ ತೆಗೆದರು. ‘ಯೆಹೋವನು ನನಗೆ ಕುರುಬನು.’ ಅವರ ಜೊತೆಗೆ ಆಕೆಯೂ ಒಂದೊಂದೇ ಸಾಲು ಓದಿದರು. ಆಮೇಲೆ ಕುಕ್ಕರ್ ಮೂರನೇ ವಿಶಲ್ ಹೊಡೀತು ಅಂತ ಮನೆಗೆ ಓಡಿದರಂತೆ.