ಗ್ರಾಫ್‌ಗೆ ಪ್ರಶ್ನೆ ಕೇಳೋದನ್ನು ಕಲಿತ ಬಗೆ

1960ರ ದಶಕದಲ್ಲಿ ಪ್ಯಾರಿಸ್‌ನ ನಕ್ಷೆಗಾರ ಜಾಕ್ ಬೆರ್ತಾಂ ಅವರ ಪ್ರಯೋಗಾಲಯದಲ್ಲಿ ಒಂದು ಬಿಲ್ಲೆಮಣೆ ಇತ್ತು. ಒಂದೊಂದು ಬಿಲ್ಲೆಯ ಮೇಲೆ ಕಪ್ಪು-ಬಿಳುಪಿನ ಗುರುತು, ಒಂದೊಂದು ಗುರುತೂ ಒಂದು ಅಂಕಿ. ಸಾಲಿನುದ್ದಕ್ಕೂ ಕಡ್ಡಿ ತೂರಿಸಿ, ಇಡೀ ಸಾಲನ್ನೇ ಎತ್ತಿ ಬೇರೆ ಕಡೆ ಇಡಬಹುದಿತ್ತು. ಹೀಗೆ ಆಚೆ ಈಚೆ ಜರುಗಿಸುತ್ತಾ ಹೋದರೆ, ಚೆಲ್ಲಾಪಿಲ್ಲಿಯಾಗಿದ್ದ ಕಪ್ಪು ಗುರುತುಗಳು ಒಂದು ಕಡೆ ಗುಂಪಾಗುತ್ತಿದ್ದವು. ಯಾವುದು ಯಾವುದರಂತಿದೆ ಅಂತ ಕಣ್ಣಿಗೇ ಗೊತ್ತಾಗುತ್ತಿತ್ತು. ಕಂಪ್ಯೂಟರ್ ಇಲ್ಲ, ಪರದೆ ಇಲ್ಲ. ಆದರೂ ನಾವು ಇವತ್ತು ‘ಇಂಟರ್‌ಆ್ಯಕ್ಟಿವ್’ ಅನ್ನುವುದರ ತಿರುಳು ಅಲ್ಲೇ ಇತ್ತು: ಚಿತ್ರ ನೋಡು, ಅನುಮಾನ ಬಂತಾ, ಕೈಯಿಂದ ಬದಲಿಸು, ಮತ್ತೆ ನೋಡು.

ಈ ಕೆಲಸ ಪರದೆಗೆ ಬಂದದ್ದು 1970ರ ದಶಕದ ಆರಂಭದಲ್ಲಿ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಕಣವೇಗವರ್ಧಕ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಮತ್ತು ಜೊತೆಗಾರರು ‘ಪ್ರಿಮ್-9’ ಕಟ್ಟಿದರು. ಒಂಬತ್ತು ಬಗೆಯ ಅಳತೆಗಳಿರುವ ಚುಕ್ಕೆಗಳ ಮೋಡವನ್ನು ಗುಂಡಿ ಒತ್ತಿ ತಿರುಗಿಸಬಹುದು, ಬೇಡದ ಚುಕ್ಕೆಗಳನ್ನು ಮರೆಮಾಡಬಹುದು. ಆದರೆ ಅದಕ್ಕೆ ಬೇಕಾಗಿದ್ದು ಆ ಕಾಲದ ದೈತ್ಯ ಕಂಪ್ಯೂಟರ್. ನಮ್ಮ ನಿಮ್ಮಂಥವರ ಕೈಗೆ ಎಟುಕುವ ಮಾತಲ್ಲ.

ನನಗೆ ತುಂಬಾ ಇಷ್ಟವಾಗುವುದು ಇದರ ಮುಂದಿನ ಭಾಗ. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಒಂದು ಲ್ಯಾಬ್‌ನಲ್ಲಿ 80 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ತುಂಬಿಹೋಗಿತ್ತು. ಅದನ್ನು 14 ಜನ ಹಂಚಿಕೊಂಡಿದ್ದರು. ಜಾಗ ತಿಂದವರು ಯಾರು? ಅದನ್ನು ಒಂದೇ ನೋಟದಲ್ಲಿ ಕಾಣಬೇಕು ಅಂತ ಆ ಲ್ಯಾಬ್‌ನ ಬೆನ್ ಶ್ನೈಡರ್‌ಮನ್ ಚೌಕದೊಳಗೆ ಚೌಕ ಇಡುವ ‘ಟ್ರೀಮ್ಯಾಪ್’ ರೂಪಿಸಿದರು: ಹೆಚ್ಚು ಜಾಗ ತಿಂದದ್ದಕ್ಕೆ ದೊಡ್ಡ ಚೌಕ. ಇವತ್ತು ಷೇರುಪೇಟೆಯ ಪುಟಗಳಲ್ಲಿ ಕೆಂಪು-ಹಸಿರು ಚೌಕಗಳಾಗಿ ಕಾಣುವುದು ಅದೇ.

ಅದೇ ಲ್ಯಾಬ್ ಮಾಡಿದ ಇನ್ನೊಂದು ಕೆಲಸ ಇನ್ನೂ ದೊಡ್ಡದು ಅಂತ ನನ್ನ ಅನಿಸಿಕೆ. 1992ರಲ್ಲಿ ಮನೆ ಹುಡುಕುವವರಿಗಾಗಿ ಒಂದು ನಕ್ಷೆ ಮಾಡಿದರು. ವಾಷಿಂಗ್ಟನ್ ನಗರದ ಸುತ್ತಲಿನ ಮನೆಗಳೆಲ್ಲ ಅದರಲ್ಲಿ ಚುಕ್ಕೆಗಳು, ಪಕ್ಕದಲ್ಲಿ ಬೆಲೆ, ಕೋಣೆಗಳ ಸಂಖ್ಯೆ, ದೂರಕ್ಕೆ ಒಂದೊಂದು ಸ್ಲೈಡರ್. ಸ್ಲೈಡರ್ ಎಳೆಯುತ್ತಿದ್ದ ಹಾಗೇ ಚುಕ್ಕೆಗಳು ಮಾಯವಾಗುತ್ತವೆ, ಮತ್ತೆ ಮೂಡುತ್ತವೆ. ‘ಸರ್ಚ್’ ಗುಂಡಿ ಒತ್ತಿ ಕಾಯಬೇಕಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಪರದೆ ಬದಲಾಗಬೇಕು ಅನ್ನುವುದು ಅವರ ಪಟ್ಟು.

ಅಷ್ಟೊಂದು ಅವಸರ ಯಾಕೆ ಅನ್ನಿಸಬಹುದು. ಉತ್ತರ 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿದೆ. ಸಂಶೋಧಕರಾದ ಝಿಚೆಂಗ್ ಲಿಯು ಮತ್ತು ಜೆಫ್ರಿ ಹೀರ್ ಬೇಕೆಂದೇ ಅರ್ಧ ಸೆಕೆಂಡ್ ತಡ ಸೇರಿಸಿ ನೋಡಿದರು. ಅಷ್ಟಕ್ಕೇ ಜನ ಹುಡುಕಾಡುವುದು ಕಮ್ಮಿಯಾಯಿತು. ಡೇಟಾದ ಕಡಿಮೆ ಭಾಗವನ್ನಷ್ಟೇ ನೋಡಿದರು. ಉತ್ತರ ತಡವಾದರೆ ಮುಂದಿನ ಪ್ರಶ್ನೆ ಹುಟ್ಟುವುದೇ ಇಲ್ಲ, ಅಲ್ವಾ? ಈ ಸಾಧನಗಳನ್ನು ರೂಪಿಸುವವರು ಬಣ್ಣಕ್ಕಿಂತ, ಅಂದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಮಾತು ಇದೇ: ನೋಡುವವರ ಎರಡನೇ ಪ್ರಶ್ನೆಗೆ ಎಷ್ಟು ಹೊತ್ತು ಬೇಕು?

1996ರಲ್ಲಿ ಶ್ನೈಡರ್‌ಮನ್ ಇದನ್ನೆಲ್ಲ ಒಂದು ಸೂತ್ರವಾಗಿ ಬರೆದಿಟ್ಟರು. ಮೊದಲು ಇಡೀ ನೋಟ, ಆಮೇಲೆ ಹತ್ತಿರ ಹೋಗಿ ಜರಡಿ ಹಿಡಿಯುವುದು, ಕೇಳಿದಾಗ ಮಾತ್ರ ವಿವರ. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧನೆಯಿಂದ ಟ್ಯಾಬ್ಲೋ ಕಂಪನಿ ಬಂತು, ಆಫೀಸಿನವರೆಲ್ಲ ಎಳೆದು ಹಾಕಿ ಚಾರ್ಟ್ ಮಾಡತೊಡಗಿದರು. 2011ರಲ್ಲಿ ಮೈಕ್ ಬೋಸ್ಟಾಕ್ ಮತ್ತು ಜೊತೆಗಾರರ ‘ಡಿ3’ ಅನ್ನುವ, ವೆಬ್ ಪುಟದಲ್ಲಿ ಚಾರ್ಟ್ ಬಿಡಿಸುವ ಕೋಡ್ ಸಂಗ್ರಹ ಬಂದಮೇಲೆ ಇದೆಲ್ಲ ಬ್ರೌಸರ್‌ನೊಳಗೇ ಸುಲಭವಾಯಿತು. ಕನ್ನಡಕ್ಕೂ ಇದರಿಂದ ಒಂದು ಲಾಭ ಆಯಿತು. ಅಕ್ಷರ ಜೋಡಿಸುವ ಹೊಣೆ ಬ್ರೌಸರ್‌ನದು, ಹಾಗಾಗಿ ಒತ್ತಕ್ಷರ ಚಾರ್ಟ್‌ನಲ್ಲಿ ಸರಿಯಾಗಿ ಕೂರುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡ ಹೆಸರು ಹಾಕಿ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಅಷ್ಟರಲ್ಲಿ ಮೌಸ್ ಹೋಗಿ ಬೆರಳು ಬಂತು. ಫೋನಿನಲ್ಲಿ ಚುಕ್ಕೆಯ ಮೇಲೆ ಮೌಸ್ ತೂಗಿಸಿ ನಿಲ್ಲಿಸುವುದು ಅನ್ನುವುದೇ ಇಲ್ಲ. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಗ್ರಾಫಿಕ್ಸ್ ಸಂಪಾದಕ ಆರ್ಚಿ ತ್ಸೆ ಒಂದು ಕಹಿ ಸತ್ಯ ಹೇಳಿದರು: ಓದುಗರಲ್ಲಿ ಹೆಚ್ಚಿನವರು ಕ್ಲಿಕ್ ಮಾಡುವುದೇ ಇಲ್ಲ, ಮುಖ್ಯವಾದ ಮಾತನ್ನು ಗುಂಡಿಯ ಹಿಂದೆ ಅಡಗಿಸಬೇಡಿ. ಪತ್ರಿಕೆಗಳ ಮಟ್ಟಿಗೆ ಈ ಮಾತು ಸರಿ ಅಂತಲೇ ನಾನೂ ಒಪ್ಪುತ್ತೇನೆ. ಸುಮ್ನೆ ಗುಂಡಿ ತುಂಬಿದರೆ ಯಾರಿಗೂ ಪ್ರಯೋಜನವಿಲ್ಲ.

ಆದರೆ ಪ್ರಶ್ನೆ ನಮ್ಮದೇ ಆದಾಗ? 2020ರಲ್ಲಿ ಕೊರೊನಾ ಬಂದಾಗ ‘ಕೋವಿಡ್19ಇಂಡಿಯಾ’ ತಾಣದ ನಕ್ಷೆ ನೆನಪಿದೆಯಾ? ಮೊದಲು ದೇಶ, ಮುಟ್ಟಿದರೆ ರಾಜ್ಯ, ಆಮೇಲೆ ಜಿಲ್ಲೆ. ಬೆಂಗಳೂರಿನಲ್ಲಿ ಸಿಕ್ಕಿಬಿದ್ದವರು ಅಪ್ಪ-ಅಮ್ಮ ಇರುವ ಜಿಲ್ಲೆಯನ್ನು ಮುಟ್ಟಿ ನೋಡುತ್ತಿದ್ದರು. ಅಲ್ಲಿ ಯಾರಿಗೂ ಕ್ಲಿಕ್ ಮಾಡಿ ಅಂತ ಹೇಳಿಕೊಡಬೇಕಾಗಿರಲಿಲ್ಲ. ಅದರ ಹಿಂದೆ ಇದ್ದವರು ಸ್ವಯಂಸೇವಕರು. ನಮ್ಮ ರಾಜ್ಯದ ದಿನದ ಬುಲೆಟಿನ್ ಬರುತ್ತಿದ್ದದ್ದು ಪಿಡಿಎಫ್ ಆಗಿ. ಅಂಥ ಬುಲೆಟಿನ್‌ಗಳಿಂದ ಅಂಕಿಗಳನ್ನು ಹೆಕ್ಕಿ ಅವರು ಟೇಬಲ್‌ಗೆ ತುಂಬುತ್ತಿದ್ದರು. 2021ರ ಅಕ್ಟೋಬರ್ 31ಕ್ಕೆ ಆ ಕೆಲಸ ನಿಂತಿತು. ಬುಲೆಟಿನ್‌ಗಳು ಆಮೇಲೂ ಪಿಡಿಎಫ್ ಆಗಿಯೇ ಬರುತ್ತಿದ್ದವು.